ಢಮ್ ಅನ್ನದ ಪೆಟ್ಟಿಗೆ

ಕರೆಂಟಿನ ಕೆಲಸದವರ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಅಂತ ಜನ ಕೇಳುತ್ತಾರೆ. ನಮ್ಮನ್ನು ಕಂಡರೆ ಅವರಿಗೆ ನೆನಪಾಗುವುದು ಒಂದೋ ಬಿಲ್ಲು, ಇಲ್ಲವೇ ಕತ್ತಲೆ. ಆದರೆ ನಮ್ಮ ಸ್ಟೇಷನ್ನಿನಲ್ಲಿ ವಾರಕ್ಕೊಂದಾದರೂ ನಗುವ ಸಂಗತಿ ನಡೆಯದೆ ಹೋದರೆ ನನಗೇ ಅನುಮಾನ ಬರುತ್ತದೆ, ಎಲ್ಲೋ ಏನೋ ಕೆಟ್ಟಿದೆ ಅಂತ. ಸ್ಟೇಷನ್ ಅಂದರೆ ಪೊಲೀಸ್ ಸ್ಟೇಷನ್ ಅಲ್ಲ, ವಿದ್ಯುತ್ ಉಪಕೇಂದ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಣಸೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಎಲ್ಲಿ ಕೆಲಸ ಅಂತ ಯಾರಾದರೂ ಕೇಳಿ, ನಾನು "ಸ್ಟೇಷನ್ನಿನಲ್ಲಿ" ಅಂದರೆ ಪಕ್ಕದವರು ಕಾಲು ಮಡಚಿ ಸರಿಯಾಗಿ ಕೂತುಕೊಳ್ಳುತ್ತಾರೆ.

ನಾನು ಕೆ.ಆರ್. ನಗರದ ಕಡೆ ಹುಟ್ಟಿ, ಹುಣಸೂರಿಗೆ ಸೊಸೆಯಾಗಿ ಬಂದು, ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಸ್ಟೇಷನ್ನಿನಲ್ಲಿ ಇಂಜಿನಿಯರಾಗಿರುವ ಹೆಂಗಸು. ಯಾವ ಊರಿನ ಸ್ಟೇಷನ್ ಅಂತ ಹೇಳುವುದಿಲ್ಲ. ಹೇಳಿದರೆ ಇಲ್ಲಿ ಬರುವವರೆಲ್ಲ ನಾಳೆ ಗೇಟಿನ ಮುಂದೆ ನಿಂತು, ನಾನು ಹಾಗಂದಿರಲಿಲ್ಲ ಅಂತ ಜಗಳ ತೆಗೆಯುತ್ತಾರೆ. ನನಗೂ ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಸುಮ್ಮನಿರುವುದೇ ಒಳ್ಳೆಯದು.

ಹುಬ್ಬು

ಎಲ್ಲ ಶುರುವಾಗಿದ್ದು ನಮ್ಮ ಹಿರಿಯ ಆಪರೇಟರ್ ಅವರ ಹುಬ್ಬಿನಿಂದ.

ತಂತಿಗೆ ತಂತಿ ತಾಗಿದರೆ ಶಾರ್ಟ್ ಸರ್ಕ್ಯೂಟ್. ಇದು ಎಲ್ಲರಿಗೂ ಗೊತ್ತು. ಆ ಗಳಿಗೆಯಲ್ಲಿ ಎಂದಿನ ಹತ್ತಾರು ಪಟ್ಟು ಕರೆಂಟು ಒಮ್ಮೆಲೇ ಆ ಜಾಗಕ್ಕೆ ನುಗ್ಗುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಹಾಗೆ ನುಗ್ಗುವುದನ್ನು ಕಡಿದುಹಾಕಲು ಸ್ಟೇಷನ್ನಿನಲ್ಲಿ ಬ್ರೇಕರ್‌ಗಳಿರುತ್ತವೆ. ನಮ್ಮಲ್ಲಿದ್ದ ಬ್ರೇಕರ್‌ಗಳು ನಾನು ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದವು. ಆಮೇಲೆ ಊರುಗಳು ಬೆಳೆದವು, ಪಂಪ್‌ಸೆಟ್ಟುಗಳು ಹೆಚ್ಚಿದವು, ಎರಡನೇ ದೊಡ್ಡ ಟ್ರಾನ್ಸ್‌ಫಾರ್ಮರ್ ಬಂತು. ಟ್ರಾನ್ಸ್‌ಫಾರ್ಮರ್ ಎರಡಾದ ಮೇಲೆ ಶಾರ್ಟ್ ಆದಾಗ ನುಗ್ಗುವ ಕರೆಂಟಿನ ರಭಸವೂ ಹೆಚ್ಚಾಯಿತು. ಬ್ರೇಕರ್‌ಗಳು ಮಾತ್ರ ಅವೇ ಮುದುಕರು.

ಒಂದು ಮಧ್ಯಾಹ್ನ ಎಲ್ಲೋ ಮರದ ಕೊಂಬೆ ತಂತಿಯ ಮೇಲೆ ಬಿತ್ತು. ನಮ್ಮಲ್ಲಿ ಒಂದು ಬ್ರೇಕರ್ ತಡೆಯಲಾರದೆ ಸಿಡಿಯಿತು. ಹಿರಿಯ ಆಪರೇಟರ್ ಆಗ ಅದರ ಎದುರಿಗೇ ಮೀಟರ್ ನೋಡಿ ಬರೆದುಕೊಳ್ಳುತ್ತಾ ನಿಂತಿದ್ದರು. ನಾನು ಓಡಿ ಹೋಗಿ ನೋಡಿದರೆ ಹೊಗೆಯೊಳಗಿಂದ ಈ ಮನುಷ್ಯ ಒಂದು ಕೈಲಿ ರಿಜಿಸ್ಟರ್, ಇನ್ನೊಂದು ಕೈಲಿ ಪೆನ್ನು ಹಿಡಿದುಕೊಂಡು ನಡೆದು ಬಂದರು.

"ಮೇಡಮ್ಮಾರೆ, ರೀಡಿಂಗ್ ಬರ್ದಾಗದೆ" ಅಂದರು. ಮುಖದಲ್ಲಿ ಹುಬ್ಬು ಎರಡೂ ಇರಲಿಲ್ಲ.

ದೇವರು ದೊಡ್ಡವನು, ಅದಕ್ಕಿಂತ ಹೆಚ್ಚಿನದು ಏನೂ ಆಗಲಿಲ್ಲ. ಆದರೆ ಮುಂದಿನ ಭಾನುವಾರವೇ ಅವರ ಮಗಳನ್ನು ನೋಡಲು ಪಿರಿಯಾಪಟ್ಟಣದಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಬ್ಬಿಲ್ಲದ ಮಾವನನ್ನು ಯಾರು ಒಪ್ಪುತ್ತಾರೆ ಅಂತ ಅವರ ಹೆಂಡತಿ ಕಾಡಿಗೆಯಲ್ಲಿ ಎರಡು ಹುಬ್ಬು ಬರೆದು ಕೂರಿಸಿದರು. ನನ್ನನ್ನೂ ಕರೆದಿದ್ದರು, ನೋಡಿದೆ, ನಿಜವಾದ ಹುಬ್ಬಿಗಿಂತ ಚೆನ್ನಾಗಿಯೇ ಇದ್ದವು. ಬಿಸಿಲು, ಮನೆ ತುಂಬ ಜನ, ಬಿಸಿ ಕಾಫಿ. ಮಾತು ಒಂದು ಹದಕ್ಕೆ ಬರುವಷ್ಟರಲ್ಲಿ ಬೆವರಿಗೆ ಹುಬ್ಬು ಕರಗಿ ಕೆನ್ನೆಯ ಮೇಲೆ ಇಳಿಯತೊಡಗಿತು. ಗಂಡಿನ ತಂದೆ ನೋಡಿ ಗಾಬರಿಯಾಗಿ, ಮಗಳನ್ನು ಕಳಿಸಿಕೊಡಬೇಕಲ್ಲ ಅಂತ ಈಗಲೇ ಅಳುತ್ತಿದ್ದಾರೆ ಅಂದುಕೊಂಡರು. ತಾವೂ ಕಣ್ಣೊರೆಸಿಕೊಂಡು, "ಅಳ್ಬೇಡಿ ಬೀಗ್ರೆ, ನಮ್ಮನೇಲಿ ನಿಮ್ ಮಗ್ಳು ಸುಖ್ವಾಗಿರ್ತಾಳೆ" ಅಂದರು. ಮದುವೆ ಅಲ್ಲೇ ನಿಶ್ಚಯವಾಯಿತು.

ನಗು ಅಲ್ಲಿಗೆ ಮುಗಿಯಿತು. ನಾನು ಹೊರಡುವಾಗ ಅವರ ಹೆಂಡತಿ ಬಾಗಿಲ ತನಕ ಬಂದು ಕೈ ಹಿಡಿದುಕೊಂಡರು. "ಇವ್ರ ಸರ್ವೀಸು ಇನ್ನೆಲ್ಡು ವರ್ಸ ಅದೆ. ಮುಗಿಯಗಂಟ ಹುಬ್ಬಿನ್ ಸಮೇತ ಮನೆಗೆ ಕಳುಸ್ಕೊಡಿ ಕಣವ್ವ, ಅಷ್ಟೇ ಸಾಕು" ಅಂದರು. ಆಯ್ತು ಅಂದುಬಿಟ್ಟೆ. ದಾರಿಯುದ್ದಕ್ಕೂ ಅದೇ ಯೋಚನೆ. ಸಿಡಿದ ಬ್ರೇಕರ್ ಒಂದನ್ನೇನೋ ಬದಲಾಯಿಸಿದ್ದರು, ಅದರ ಅಣ್ಣ ತಮ್ಮಂದಿರು ಸಾಲಾಗಿ ಹಾಗೇ ನಿಂತಿದ್ದರಲ್ಲ.

ಅದೇ ಹೊತ್ತಿಗೆ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಶಾರ್ಟ್ ಆದಾಗ ನುಗ್ಗುವ ಕರೆಂಟನ್ನು ಬ್ರೇಕರಿಗೆ ಬರುವ ಮೊದಲೇ ತಗ್ಗಿಸುವ ಒಂದು ಹೊಸ ಯಂತ್ರವಿದೆ, ಪವರ್ ಎಲೆಕ್ಟ್ರಾನಿಕ್ಸಿನದು, ಒಂದು ವರ್ಷ ಪರೀಕ್ಷೆಗೆ ಯಾವುದಾದರೂ ಸ್ಟೇಷನ್ನಿನಲ್ಲಿ ಇಡಬೇಕು, ಆಸಕ್ತಿ ಇರುವವರು ಬರೆಯಿರಿ ಅಂತ. ಇಂಥ ಕಾಗದಗಳಿಗೆ ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ನಾನು ಅವತ್ತೇ ಬರೆದೆ. ಮೇಲಧಿಕಾರಿಗಳು ಹುಬ್ಬೇರಿಸಿದರು, ಏರಿಸಲು ಅವರಿಗಾದರೂ ಇದ್ದವು. ಕಾಡಂಚಿನಲ್ಲಿ ಅಂಥ ಸೂಕ್ಷ್ಮದ ಯಂತ್ರವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದರು. ನಾವು ನೋಡಿಕೊಳ್ಳುತ್ತೇವೆ ಸಾರ್ ಅಂದೆ. ವರ್ಷ ಮುಗಿದ ಮೇಲೆ ಕಮಿಟಿ ಬಂದು ನೋಡುತ್ತದೆ, ಕೆಲಸ ಮಾಡಿದ್ದು ಸಾಬೀತಾಗದಿದ್ದರೆ ಲಾರಿಗೆ ಹಾಕಿಕೊಂಡು ಹೋಗುತ್ತಾರೆ ಅನ್ನುವ ಷರತ್ತಿಗೂ ಸಹಿ ಹಾಕಿದೆ.

ಲಿಮಿಟ್ಟು

ಯಂತ್ರ ಲಾರಿಯಲ್ಲಿ ಬಂತು. ಒಂದು ಸಣ್ಣ ಕೋಣೆಯಷ್ಟು ದೊಡ್ಡ ಪೆಟ್ಟಿಗೆ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಕರೆಂಟ್ ಲಿಮಿಟರ್ ಅಂತ ಬರೆದಿತ್ತು. ಲಾರಿಯವನು ನಮ್ಮ ಗೇಟಿಗೆ ಬರುವ ಮೊದಲು ಮೂಲೆಯ ಇಡ್ಲಿ ಹೋಟೆಲಿನ ಮುಂದೆ ನಿಲ್ಲಿಸಿ ತಿಂಡಿ ತಿಂದ. ಅವನ ಇಡ್ಲಿ ಖಾಲಿಯಾಗುವಷ್ಟರಲ್ಲಿ ಸುದ್ದಿ ದೂರದ ಅಂತರಸಂತೆ ಊರಿಗೂ ಮುಟ್ಟಿತ್ತು.

ಮರುದಿನ ಬೆಳಿಗ್ಗೆ ನಾನು ಬಸ್ಸಿಳಿದರೆ ಗೇಟಿನ ಮುಂದೆ ನಲವತ್ತು ಜನ. ಶುಂಠಿಯವರು, ಬಾಳೆಯವರು, ಭತ್ತದವರು. ಮುಂದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಯಜಮಾನರು. ಅವರದು ಶಾಂತವಾದ ದನಿ, ಅದೇ ಹೆದರಿಕೆ ಹುಟ್ಟಿಸುವುದು.

"ಮೇಡಮ್ಮಾರೆ, ಅಕ್ಕಿಗೆ ಲಿಮಿಟ್ ಮಡಗುದ್ರಿ, ಸುಮ್ಕಿದ್ದೋ. ಸೀಮೆಎಣ್ಣೆಗೆ ಮಡಗುದ್ರಿ, ಸುಮ್ಕಿದ್ದೋ. ಈಗ ಕರೆಂಟ್ಗೂವೆ ಪೆಟ್ಗೆ ತಂದ್ ಮಡಗಕ್ ಬಂದಿದ್ದೀರಾ?"

ನಾನು ಕಾಲು ಗಂಟೆ ವಿವರಿಸಿದೆ. ಎಂದಿನ ಕರೆಂಟಿಗೆ ಇದು ಅಡ್ಡ ಬರುವುದಿಲ್ಲ, ಶಾರ್ಟ್ ಆದಾಗ ಮಾತ್ರ ಅರ್ಧ ಸೈಕಲ್ಲಿನೊಳಗೆ, ಅಂದರೆ ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ, ದಾರಿ ಮುಚ್ಚಿ ಕರೆಂಟನ್ನು ತಂತಿಯ ಸುರುಳಿಯ ಮೂಲಕ ತಿರುಗಿಸುತ್ತದೆ ಅಂದೆ. ಹಿಂದಿನಿಂದ ಒಬ್ಬರು, "ಸೈಕಲ್ ಯಾರ್ಗ್ ಕೊಡ್ತಾರಂತೆ?" ಅಂತ ಕೇಳಿದರು. ನನಗೆ ಕೋಪ ಬಂತು. ಕೋಪ ಬಂದರೆ ನನ್ನ ಮಾತಿನಲ್ಲಿ ಇಂಗ್ಲಿಷು ಹೆಚ್ಚಾಗುತ್ತದೆ, ಅದರಿಂದ ಅವರಿಗೆ ಅನುಮಾನ ಇನ್ನೂ ಹೆಚ್ಚಾಯಿತು.

ಆಗ ನಮ್ಮ ಹಿರಿಯ ಆಪರೇಟರ್ ಹೊರಗೆ ಬಂದು ಯಜಮಾನರ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತರು. ಕಾಲುವೆ ಏರಿ ಒಡೆದರೆ ಏನಾಗುತ್ತದೆ ಅಂತ ಕೇಳಿದರು. ಇರೋ ಬರೋ ನೀರೆಲ್ಲ ಆ ಒಡಕಿಗೇ ನುಗ್ಗುತ್ತದೆ ಅಂದರು ಯಜಮಾನರು. ನೀರುಗಂಟಿ ಬಂದು ತೂಬು ಇಳಿಸುವಷ್ಟರಲ್ಲಿ? ಗದ್ದೆ ಕೊಚ್ಚಿಕೊಂಡು ಹೋಗಿರುತ್ತದೆ.

"ಈ ಪೆಟ್ಗೇಲಿ ಕುಂತಿರೋನು ಅಂಗಲ್ಲ" ಅಂದರು ಆಪರೇಟರ್. "ಏರಿ ಒಡ್ದ ಗಳ್ಗೇಲೇ ತೂಬು ಇಳುಸ್ಬುಡ್ತಾನೆ. ಒಡೀದೆ ಓದ್ರೆ ನೀರ್ ತಂಟೆಗೇ ಬರಾಕಿಲ್ಲ."

ಯಜಮಾನರು ತುಂಬ ಹೊತ್ತು ಪೆಟ್ಟಿಗೆಯನ್ನೇ ನೋಡಿದರು. ಜನ ಕರಗಿದರು. ಅಬ್ಬ, ಗೆದ್ದೆವು ಅಂದುಕೊಂಡೆ. ಎರಡು ದಿನದ ಮೇಲೆ ಅದೇ ಯಜಮಾನರು ನಲವತ್ತು ಜನರ ಸಹಿ ಮಾಡಿಸಿದ ಅರ್ಜಿ ತಂದು ನನ್ನ ಮೇಜಿನ ಮೇಲಿಟ್ಟರು. ಪೆಟ್ಟಿಗೆಯಲ್ಲಿ ಕೂತಿರುವಂಥ ನೀರುಗಂಟಿಯನ್ನು ನಮ್ಮ ಕಾಲುವೆಗೂ ಒಬ್ಬನನ್ನು ನೇಮಿಸಿಕೊಡಬೇಕು ಅಂತ ಅದರಲ್ಲಿ ಬರೆದಿತ್ತು.

ತಾಯಿ, ಸಿಸ್ಟರ್

ಆ ಪೆಟ್ಟಿಗೆಯೊಳಗೆ ಕೆಲಸ ಮಾಡುವುದು ಥೈರಿಸ್ಟರ್ ಅನ್ನುವ ಬಿಲ್ಲೆಗಳು. ಅವೇ ಆ ತೂಬಿನ ಬಾಗಿಲುಗಳು. ಅಂಗೈಯಗಲದ ಬಿಲ್ಲೆ ಕಣ್ಣು ಮಿಟುಕಿಸುವುದರೊಳಗೆ ಅಷ್ಟು ದೊಡ್ಡ ಕರೆಂಟನ್ನು ತಡೆದು ಬೇರೆ ದಾರಿಗೆ ತಳ್ಳುತ್ತದೆ ಅನ್ನುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನಮ್ಮ ಲೈನ್‌ಮ್ಯಾನ್ ಒಬ್ಬನ ಬಾಯಲ್ಲಿ ಮಾತ್ರ ಅದು ಮೊದಲ ದಿನವೇ "ತಾಯಿ ಸಿಸ್ಟರ್" ಆಯಿತು. ಎಷ್ಟು ತಿದ್ದಿದರೂ ಹೋಗಲಿಲ್ಲ. ತಿದ್ದಿ ತಿದ್ದಿ ನಾನೇ ಸೋತೆ.

ಅವು ಬಿಸಿಯಾಗಬಾರದು, ಅದಕ್ಕೆ ಪೆಟ್ಟಿಗೆಯಿಟ್ಟ ಕೋಣೆಗೆ ಏಸಿ ಹಾಕಿದ್ದರು. ಇಡೀ ಸ್ಟೇಷನ್ನಿನಲ್ಲಿ ಏಸಿ ಇದ್ದದ್ದು ಅದೊಂದೇ ಕೋಣೆಗೆ. ಬೇಸಿಗೆ ಬಂತು ನೋಡಿ, ಎಲ್ಲರಿಗೂ ತಾಯಿ ಮತ್ತು ಸಿಸ್ಟರ್ ಮೇಲೆ ಎಲ್ಲಿಲ್ಲದ ಕಾಳಜಿ ಹುಟ್ಟಿತು. ಮಧ್ಯಾಹ್ನ ಯಾರನ್ನು ಹುಡುಕಿದರೂ ಅಲ್ಲೇ, ಊಟದ ಡಬ್ಬಿಯೂ ಅಲ್ಲೇ. ಏನು ಮಾಡುತ್ತಿದ್ದೀರಿ ಅಂದರೆ, ಶಾಖ ನೋಡುತ್ತಿದ್ದೇವೆ ಅನ್ನುವರು. ನಾನು ಗದರಿ ಎಬ್ಬಿಸಿ ಕಳಿಸಿ, ಶಾಖ ಸರಿಯಾಗಿದೆಯೇ ಅಂತ ನಾನೂ ಅರ್ಧ ಗಂಟೆ ಕೂತು ನೋಡುತ್ತಿದ್ದೆ.

ಯಂತ್ರ ಮಾಡಿದ ಕಂಪನಿಯ ಇಂಜಿನಿಯರ್ ಬೆಂಗಳೂರಿನಿಂದ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಒಂದು ಸಲ ಲೈನ್‌ಮ್ಯಾನ್ ಫೋನ್ ಎತ್ತಿಕೊಂಡು, "ತಾಯೀನೂ ತಣ್ಣಗವ್ರೆ, ಸಿಸ್ಟ್ರೂ ತಣ್ಣಗವ್ರೆ ಸಾರ್" ಅಂದನಂತೆ. ಆ ಕಡೆಯವರಿಗೆ ಎದೆ ಧಸಕ್ಕೆಂದಿತು. ಯಾರ ಮನೆಯಲ್ಲಿ ಏನಾಯಿತೋ ಅಂತ ನನಗೆ ಫೋನ್ ಮಾಡಿ ವಿಚಾರಿಸಿಕೊಂಡರು.

ಆಯುಧಪೂಜೆ ದಿನ ಲೈನ್‌ಮ್ಯಾನ್ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ, ಬಳೆ, ರವಿಕೆ ಕಣ ಇಟ್ಟ. ಎಲ್ಲವೂ ಎರಡೆರಡು. ಎರಡು ಏಕೆ ಅಂತ ಕೇಳಿದ್ದಕ್ಕೆ ನನ್ನನ್ನೇ ಪೆದ್ದಿಯ ಹಾಗೆ ನೋಡಿದ. ತಾಯಿಗೆ ಕೊಟ್ಟು ಸಿಸ್ಟರಿಗೆ ಕೊಡದಿದ್ದರೆ ಆಗುತ್ತದೆಯೇ ಅಂದ. ಪೂಜೆ ಮುಗಿದ ಮೇಲೆ ಒಂದು ರವಿಕೆ ಕಣ ನನಗೆ ಬಂತು, ಇನ್ನೊಂದು ಮೂಲೆಯ ಇಡ್ಲಿ ಹೋಟೆಲು ನಡೆಸುವ ಅಕ್ಕನಿಗೆ ಹೋಯಿತು.

ಈ ಮಾತು ಅಂಟುಜಾಡ್ಯ. ಒಂದು ದಿನ ಮೇಲಧಿಕಾರಿಗಳು ಫೋನ್ ಮಾಡಿ ಹೇಗಿದೆಯಮ್ಮ ಅಂತ ಕೇಳಿದಾಗ ನನ್ನ ಬಾಯಿಂದಲೇ, "ತಾಯಿ ಸಿಸ್ಟರ್ ಎಲ್ಲ ಚೆನ್ನಾಗಿದ್ದಾರೆ ಸಾರ್" ಅಂತ ಬಂದುಬಿಟ್ಟಿತು. ಅವರು ಬಹಳ ಮರ್ಯಾದೆಯಿಂದ, "ಸಂತೋಷ ಕಣಮ್ಮ, ನಮ್ಮ ಮನೇಲೂ ಎಲ್ಲ ಚೆನ್ನಾಗಿದ್ದಾರೆ" ಅಂದರು.

ಅಕ್ಕನ ಕಿವಿ

ಇಡ್ಲಿ ಹೋಟೆಲಿನ ಅಕ್ಕನ ವಿಷಯ ಹೇಳಲೇಬೇಕು. ನಮ್ಮ ಲೈನ್‌ಮ್ಯಾನ್‌ಗಳು ಸ್ಟೇಷನ್ನಿನ ಮೀಟರುಗಳಿಗಿಂತ ಆಕೆಯ ಕಿವಿಯನ್ನು ಹೆಚ್ಚು ನಂಬಿದ್ದರು. ಲೈನಿನಲ್ಲಿ ಎಲ್ಲಾದರೂ ಶಾರ್ಟ್ ಆದರೆ ಮೊದಲು ಢಮ್ ಅನ್ನುವ ಸದ್ದು, ಆಮೇಲೆ ಕರೆಂಟು ಹೋಗುವುದು. ಆ ಸದ್ದು ಯಾವ ದಿಕ್ಕಿನಿಂದ ಬಂತು, ಎಷ್ಟು ದೂರ, ಟೀಸಿ ಹೋಗಿದ್ದೋ ತಂತಿ ತಾಗಿದ್ದೋ ಅಂತ ಅಕ್ಕ ಸಾಂಬಾರು ಹಾಕುತ್ತಲೇ ಹೇಳಿಬಿಡುವರು. ಹೊಲದ ಹತ್ತಿರ ಕಂಬದ ಮೇಲಿರುವ ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಟೀಸಿ ಅನ್ನುತ್ತಾರೆ. "ಕೆರೆ ಏರಿ ತಾವು, ಟೀಸಿ ಅಲ್ಲ, ತಂತಿ" ಅಂದರೆ ಮುಗಿಯಿತು. ಹೋಗಿ ನೋಡಿದರೆ ಕೆರೆ ಏರಿಯ ಹತ್ತಿರ ತಂತಿಯೇ. ಈ ಸೇವೆಗೆ ಅವರಿಗೆ ಊರಿನಲ್ಲಿ ಬಹಳ ಮರ್ಯಾದೆ.

ಪೆಟ್ಟಿಗೆ ಬಂದ ಮೇಲೆ ಶಾರ್ಟ್ ಆದರೆ ಲೈನ್ ಆಫ್ ಆಗುತ್ತದೆ, ಆಗಲೇಬೇಕು. ಆದರೆ ನುಗ್ಗುವ ಕರೆಂಟೇ ತಗ್ಗಿರುವುದರಿಂದ ಮೊದಲಿನ ಢಮ್ ಇಲ್ಲ. ಸ್ಟೇಷನ್ನಿನಲ್ಲಿ ಬ್ರೇಕರ್ ಟಕ್ ಅನ್ನುತ್ತದೆ, ಅಷ್ಟೇ. ನಾವು ಒಳಗೊಳಗೇ ಹಿಗ್ಗುತ್ತಿದ್ದೆವು. ಲೈನ್‌ಮ್ಯಾನ್‌ಗಳ ಪಾಡು ಮಾತ್ರ ಯಾರಿಗೂ ಬೇಡ. ಅಕ್ಕನನ್ನು ಕೇಳಿದರೆ ಏನೂ ಕೇಳಿಸಲಿಲ್ಲ ಅನ್ನುವರು. ಒಂದು ಸಲ ನಮ್ಮ ಲೈನ್‌ಮ್ಯಾನ್ ತಂತಿ ನೋಡುತ್ತಾ ಎನ್. ಬೇಗೂರಿನ ದಾರಿಯಲ್ಲಿ ಮೈಲಿಗಟ್ಟಲೆ ನಡೆದು ಹೋದ. ಅಲ್ಲಿ ಕಾಣಲಿಲ್ಲ ಅಂತ ವಾಪಸ್ಸು ಬಂದ. ಕೊನೆಗೆ ನೋಡಿದರೆ ಕಾಡುಬಳ್ಳಿಯೊಂದು ತಂತಿಗೆ ಹಬ್ಬಿದ್ದದ್ದು ಇಡ್ಲಿ ಹೋಟೆಲಿನ ಹಿಂದಿನ ಕಂಬದಲ್ಲಿ.

ಅದಾದ ಮೇಲೆ ಒಂದು ವಾರ ಹೋಟೆಲ್ ಬಾಗಿಲು ಹಾಕಿತ್ತು. ಆಮೇಲೆ ಅಕ್ಕ ನೇರವಾಗಿ ನನ್ನ ಕೋಣೆಗೆ ಬಂದರು. ಕಣ್ಣಲ್ಲಿ ಕೆಂಡ.

"ಏನವ್ವ, ಶಾರ್ಟ್ ಸದ್ದು ನಿಲ್ಸೀವಿ ಅಂತ ಒಂದ್ ಮಾತು ಯೋಳಾಕಾಗ್ನಿಲ್ವ ನಿಮ್ಗೆ? ಓಟ್ಲು ಇಂದ್ಲ ಕಂಬ್ದಲ್ ಆಗಿದ್ದೂ ಕೇಳ್ಸ್ನಿಲ್ಲ, ಕಿವಿ ಓಯ್ತು ಅಂತ ಕೋಟೆ ಡಾಕ್ಟ್ರಿಗೆ ತೋರುಸ್ದೆ, ಮೈಸೂರ್ಗೂ ಓಗ್ಬಂದೆ!"

ಮೈಸೂರಿನ ಡಾಕ್ಟರು ನಿಮ್ಮ ಕಿವಿ ನನ್ನ ಕಿವಿಗಿಂತ ಚುರುಕಾಗಿದೆ ಅಂದಿದ್ದರಂತೆ. ನಾನು ಅಕ್ಕನನ್ನು ಕೂರಿಸಿ, ತಪ್ಪಾಯಿತು ಅಂದು, ಪೆಟ್ಟಿಗೆ ತೋರಿಸಿ, ಈಗ ಬ್ರೇಕರ್ ಹೇಗೆ ಬರೀ ಟಕ್ ಅನ್ನುತ್ತದೆ ಅಂತ ಹೇಳಿದೆ. ಆಕೆ ಗಮನವಿಟ್ಟು ಕೇಳಿದರು. ಹೊರಡುವಾಗ ಪೆಟ್ಟಿಗೆಯ ಕಡೆ ತಿರುಗಿ, ಸದ್ದಿಲ್ಲದೆ ಕೆಲಸ ಮಾಡುವವರನ್ನು ನಾನು ನಂಬುವುದಿಲ್ಲ, ನಮ್ಮನೆ ಯಜಮಾನರೂ ಹೀಗೇ ಅಂದರು.

ಹಾನಿಯ ವಿವರ

ವರ್ಷ ಮುಗಿಯುತ್ತಾ ಬಂತು. ಪೆಟ್ಟಿಗೆ ಎಷ್ಟು ಸಲ ಕೆಲಸ ಮಾಡಿತು ಅಂತ ಬರೆದುಕೊಳ್ಳಲು ಇಲಾಖೆಯವರು ಒಂದು ರಿಜಿಸ್ಟರ್ ಕೊಟ್ಟಿದ್ದರು. ಅದರಲ್ಲಿ ದಿನ, ವೇಳೆ, ಯಾವ ಲೈನು, ಕೊನೆಗೆ "ಆದ ಹಾನಿಯ ವಿವರ" ಅಂತ ಒಂದು ಅಗಲವಾದ ಕಾಲಂ. ಹಿರಿಯ ಆಪರೇಟರ್ ಅವರದು ಮುತ್ತಿನಂಥ ಅಕ್ಷರ. ಪ್ರತಿ ಸಲವೂ ಆ ಕಾಲಂನಲ್ಲಿ "ಏನೂ ಆಗಲಿಲ್ಲ" ಅಂತ ಬರೆಯುತ್ತಿದ್ದರು. ಪುಟ ಪೂರ್ತಿ ಒಂದರ ಕೆಳಗೊಂದು ಏನೂ ಆಗಲಿಲ್ಲ, ಏನೂ ಆಗಲಿಲ್ಲ. ನನ್ನ ಕಣ್ಣಿಗೆ ಅದು ಹಾರದ ಹಾಗೆ ಕಾಣುತ್ತಿತ್ತು.

ಮೇಲಿನ ಕಚೇರಿಗೆ ಕಳಿಸಿದೆ. ಅಲ್ಲಿಂದ ಉತ್ತರ ಬಂತು. ಏನೂ ಆಗದಿದ್ದ ಪಕ್ಷದಲ್ಲಿ ಸದರಿ ಉಪಕರಣವು ಕೆಲಸ ಮಾಡಿರುವುದು ಹೇಗೆ ತಿಳಿಯಿತು, ವಿವರಣೆ ನೀಡಿ. ಓದಿ ನನಗೆ ತಲೆಗೆ ರಕ್ತ ಏರಿತು. ಹಾನಿಯಾಗಲಿ ಅಂತಲೇ ಕಾಯುತ್ತಿದ್ದೀರಾ ಅಂತ ಬರೆದು, ಹರಿದು, ಮತ್ತೆ ಬರೆದು, ಮತ್ತೆ ಹರಿದು, ಕೊನೆಗೆ ಪೆಟ್ಟಿಗೆಯೇ ಬರೆದಿಟ್ಟುಕೊಳ್ಳುವ ಗ್ರಾಫುಗಳನ್ನು ತೆಗೆದುಕೊಂಡು ಖುದ್ದಾಗಿ ಹೋದೆ. ಆ ಗ್ರಾಫಿನಲ್ಲಿ ಕರೆಂಟಿನ ಗೆರೆ ಗುಡ್ಡದ ಹಾಗೆ ಏರಲು ಹೊರಟು, ಅರ್ಧದಲ್ಲೇ ತಲೆ ತಗ್ಗಿಸಿ ಮಲಗುತ್ತದೆ. ನೋಡಿದರೆ ಹೆಮ್ಮೆಯಾಗುತ್ತದೆ.

ಮೇಲಧಿಕಾರಿಗಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅವರಿಗೆ ಹಿಂದಿನ ತಿಂಗಳಷ್ಟೇ ಇಸಿಜಿ ತೆಗೆದು ಎದೆಯ ತಪಾಸಣೆ ಆಗಿತ್ತು. ಮುಖ ಸಣ್ಣಗಾಯಿತು. ಯಾರದಮ್ಮ ಇದು ಅಂತ ಮೆಲ್ಲಗೆ ಕೇಳಿದರು. ಕೆರೆ ಲೈನಿನದು ಸಾರ್ ಅಂದೆ. ಉಸಿರು ಬಿಟ್ಟು, "ಸದ್ಯ, ನಂದು ಅಂದ್ಕೊಂಡೆ" ಅಂದರು.

ಆದರೆ ಗ್ರಾಫು ಸಾಲದು ಅಂದರು. ಕಮಿಟಿಯವರು ಕಣ್ಣಾರೆ ನೋಡಬೇಕಂತೆ. ಬೇಕೆಂದೇ ಶಾರ್ಟ್ ಮಾಡಿ ತೋರಿಸಬೇಕಂತೆ.

ಟಕ್

ಪರೀಕ್ಷೆಯ ಹಿಂದಿನ ಸಂಜೆ ನಾನು ಹಿರಿಯ ಆಪರೇಟರ್ ಅವರಿಗೆ ನಾಳೆ ರಜ ಹಾಕಿ ಅಂದೆ. ಪೆಟ್ಟಿಗೆಯ ಮೇಲೆ ನನಗೆ ನಂಬಿಕೆ ಇತ್ತು. ಆದರೂ ಮಾತು ಕೊಟ್ಟವಳು ನಾನು. ನಾಳೆ ಏನಾದರೂ ಎಡವಟ್ಟಾದರೆ ಪೆಟ್ಟಿಗೆ ಲಾರಿ ಹತ್ತುತ್ತದೆ, ಅದು ಹೋಗಲಿ, ಅವರ ಹೆಂಡತಿಗೆ ಏನಂತ ಮುಖ ತೋರಿಸಲಿ. ಅವರು ಕೇಳಲಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಬಂದಿದ್ದರು. ಹುಬ್ಬು ಆಗ ದಟ್ಟವಾಗಿ ಬೆಳೆದಿದ್ದವು, ಮೊದಲಿಗಿಂತ ಚೆಂದ.

ಸುದ್ದಿ ಹೇಗೋ ಊರಿಗೆಲ್ಲ ಹೋಗಿತ್ತು. ಬೇಕೆಂದೇ ಶಾರ್ಟ್ ಮಾಡುತ್ತಾರಂತೆ ಅಂತ ಬೇಲಿಯ ಹೊರಗೆ ಜನವೋ ಜನ. ಲಿಮಿಟ್ಟಿನ ಯಜಮಾನರು ಮುಂದಿನ ಸಾಲಿನಲ್ಲಿ. ಚುರುಮುರಿ ಗಾಡಿಯವನೂ ಬಂದಿದ್ದ. ಹೋಟೆಲಿನ ಅಕ್ಕ ಮಾತ್ರ ಎಲ್ಲರಿಂದ ದೂರ ನಿಂತು, ಯಾರೂ ಮಾತಾಡಿಸಬೇಡಿ ಅಂತ ಕೈ ಸನ್ನೆ ಮಾಡಿ ತಲೆ ಓರೆ ಮಾಡಿಕೊಂಡಿದ್ದರು.

ಕಮಿಟಿಯಲ್ಲಿ ಮೂವರು. ದೊಡ್ಡ ಸಾಹೇಬರು ಹಿಂದೆ ಇಂಥ ಪರೀಕ್ಷೆ ಒಂದನ್ನು ಬೇರೆಲ್ಲೋ ನೋಡಿ ಮೂರು ದಿನ ಕಿವಿ ಗುಂಯ್‌ಗುಟ್ಟಿಸಿಕೊಂಡಿದ್ದವರು. ಅವರು ಜೇಬಿನಿಂದ ಹತ್ತಿ ತೆಗೆದು ಕಿವಿಗೆ ಇಟ್ಟುಕೊಂಡರು, ಅದರ ಮೇಲೆ ಬೆರಳು ಒತ್ತಿಕೊಂಡರು, ಸಾಲದು ಅಂತ ಕಣ್ಣೂ ಮುಚ್ಚಿದರು. ಹೊರಗಿನ ಮೊದಲ ಕಂಬದಲ್ಲಿ ಮೂರೂ ತಂತಿಗಳನ್ನು ಸರಪಳಿಯಿಂದ ಕಟ್ಟಿದ್ದೆವು. ಬ್ರೇಕರ್ ಕೋಣೆಯಲ್ಲಿ ಯಾರೂ ಇರಬಾರದು ಅನ್ನುವುದು ನಿಯಮ. ಪಕ್ಕದ ಕಂಟ್ರೋಲ್ ಕೋಣೆಯಿಂದ ಸ್ವಿಚ್ ಹಾಕುವವರು ನಮ್ಮ ಹಿರಿಯ ಆಪರೇಟರ್. ನಾನು ಅವರ ಬೆನ್ನ ಹಿಂದೆ ನಿಂತೆ.

ಸ್ವಿಚ್ ತಿರುಗಿಸಿದರು. ಟಕ್.

ದೀಪ ಒಂದು ಸಲ ರೆಪ್ಪೆ ಬಡಿಯಿತು. ಅಷ್ಟೇ.

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಹೊರಗೆ ಜನ ಕಾಯುತ್ತಲೇ ಇದ್ದರು. ನಾನು ಹೊರಗೆ ಬಂದು ಆಯಿತು ಅಂದಾಗ ಯಾರೂ ನಂಬಲಿಲ್ಲ. ಇಷ್ಟಕ್ಕಾ ಕೆಲಸ ಬಿಟ್ಟು ಬಂದದ್ದು ಅಂತ ಯಜಮಾನರು ಗೊಣಗಿದರು. ಚುರುಮುರಿಯವನು ಇನ್ನೊಂದು ಸಲ ಮಾಡಿ ಅಂದ, ಅವನ ವ್ಯಾಪಾರ ಆಗ ತಾನೇ ಕುದುರಿತ್ತು.

ಅಂಗಳದಲ್ಲಿ ದೊಡ್ಡ ಸಾಹೇಬರು ಇನ್ನೂ ಕಿವಿ ಮುಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಆಯ್ತು ಸಾರ್ ಅಂದೆ. ಕೇಳಿಸಲಿಲ್ಲ. ಜೋರಾಗಿ ಅಂದೆ. ಅವರು ತಲೆಯಾಡಿಸಿ, "ಮಾಡಿ, ಮಾಡಿ, ನಾನು ರೆಡಿ" ಅಂದರು. ಕಮಿಟಿಯ ಉಳಿದಿಬ್ಬರು ಸಾಹೇಬರ ಮೈ ಮುಟ್ಟುವ ಧೈರ್ಯವಿಲ್ಲದೆ ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮ ಇಲಾಖೆಯಲ್ಲಿ ಹನ್ನೊಂದು ಸಾವಿರ ವೋಲ್ಟು ಮುಟ್ಟುವುದಕ್ಕೆ ವಿಧಾನವಿದೆ, ಸಾಹೇಬರನ್ನು ಮುಟ್ಟುವುದಕ್ಕೆ ಇಲ್ಲ. ಹೀಗೇ ಐದು ನಿಮಿಷವಾದರೂ ಆಗಿರಬೇಕು. ಕೊನೆಗೆ ಹೋಟೆಲಿನ ಅಕ್ಕ ಗೇಟು ತಳ್ಳಿಕೊಂಡು ಒಳಗೆ ಬಂದು, ಸೀದಾ ಅವರ ಬಲಗೈ ಹಿಡಿದು ಕಿವಿಯಿಂದ ಕಿತ್ತರು.

"ಆಗೋಯ್ತು ಬುಡಿ ಸ್ವಾಮಿ. ಟಕ್ ಅಂತು. ನಂಗ್ ಕೇಳುಸ್ತು."

ಬೇಲಿಯಾಚೆ ಅಷ್ಟು ಜನರಲ್ಲಿ ಆ ಟಕ್ ಕೇಳಿಸಿಕೊಂಡವರು ಅಕ್ಕ ಒಬ್ಬರೇ. ಅವತ್ತಿನಿಂದ ಅವರ ಮರ್ಯಾದೆ ವಾಪಸ್ಸು ಬಂದಿದೆ. ಲೈನ್ ಹೋದರೆ ನಮ್ಮ ಲೈನ್‌ಮ್ಯಾನ್‌ಗಳು ಮತ್ತೆ ಮೊದಲು ಹೋಟೆಲಿಗೆ ಹೋಗುತ್ತಾರೆ, ಟಕ್‌ಗೂ ಟಕ್‌ಗೂ ವ್ಯತ್ಯಾಸವಿದೆ ಅಂತ ಅಕ್ಕ ಪಾಠ ಮಾಡುತ್ತಾರೆ.

ದೊಡ್ಡ ಸಾಹೇಬರು ಹತ್ತಿ ತೆಗೆದು ಬ್ರೇಕರ್ ಕೋಣೆಗೆ ಹೋದರು. ಒಂದೊಂದಾಗಿ ಮುಟ್ಟಿ ನೋಡಿದರು, ಮೂಸಿ ನೋಡಿದರು. ಮಸಿ ಇಲ್ಲ, ಸುಟ್ಟ ವಾಸನೆ ಇಲ್ಲ. ಪೆಟ್ಟಿಗೆಯ ಗ್ರಾಫ್ ನೋಡಿದರು. ಗುಡ್ಡ ಅರ್ಧದಲ್ಲೇ ಮಲಗಿತ್ತು. ಆಮೇಲೆ ಆ ಪ್ರಸಿದ್ಧ ರಿಜಿಸ್ಟರ್ ತರಿಸಿ, ಇವತ್ತಿನದನ್ನು ತಮ್ಮೆದುರೇ ಬರೆಯಬೇಕು ಅಂದರು. ಹಾನಿಯ ಕಾಲಂನಲ್ಲಿ ಬರೀ ಏನೂ ಆಗಲಿಲ್ಲ ಅಂತ ಬರೆದರೆ ಒಪ್ಪುವುದಿಲ್ಲ, ಏನು ಆಗಲಿಲ್ಲ ಅನ್ನುವುದನ್ನೂ ನಿರ್ದಿಷ್ಟವಾಗಿ ಬರೆಯಿರಿ ಅಂದರು.

ಹಿರಿಯ ಆಪರೇಟರ್ ಪೆನ್ನು ತೆಗೆದುಕೊಂಡು ಸ್ವಲ್ಪ ಯೋಚಿಸಿದರು. ಆಮೇಲೆ ತಮ್ಮ ಮುತ್ತಿನ ಅಕ್ಷರದಲ್ಲಿ ಬರೆದು ಸಾಹೇಬರ ಮುಂದಿಟ್ಟರು. ಸಾಹೇಬರು ಗಟ್ಟಿಯಾಗಿ ಓದಿದರು.

"ಏನೂ ಆಗಲಿಲ್ಲ. ಹುಬ್ಬು ಎರಡೂ ಸ್ವಸ್ಥಾನದಲ್ಲಿವೆ."

ಇದೇನು ಹುಡುಗಾಟ ಅಂತ ಕೇಳಿದರೆ ಏನು ಹೇಳುವುದು? ಬೇರೆ ದಾರಿ ಕಾಣದೆ ಹಳೆಯ ಬ್ರೇಕರ್ ಸಿಡಿದದ್ದರಿಂದ ಹಿಡಿದು, ಕಾಡಿಗೆ ಕರಗಿದ್ದು, ಬಾಗಿಲಲ್ಲಿ ನಿಂತು ನಾನು ಮಾತು ಕೊಟ್ಟದ್ದು, ಎಲ್ಲ ಹೇಳುತ್ತಾ ಹೋದೆ. ಸಾಹೇಬರು ಪೂರ್ತಿ ಕೇಳಿದರು. ನಗಲಿಲ್ಲ. ಎದ್ದು ಹಿರಿಯ ಆಪರೇಟರ್ ಅವರ ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ, ಅವರ ಮುಖಕ್ಕೆ ಮುಖ ತಂದು, ಮೊದಲು ಎಡಗಡೆ, ಆಮೇಲೆ ಬಲಗಡೆ ನೋಡಿದರು. ವಾಪಸ್ಸು ಬಂದು ಕೂತು ಅದೇ ಸಾಲಿನ ಕೆಳಗೆ ಬರೆದರು. ಪೆಟ್ಟಿಗೆ ಇವತ್ತಿಗೂ ನಮ್ಮ ಸ್ಟೇಷನ್ನಿನಲ್ಲೇ ಇರುವುದು, ಮೇಲಿನ ಕಚೇರಿ ಮತ್ತೆ ವಿವರಣೆ ಕೇಳದೆ ಇರುವುದು, ಆ ಒಂದು ಸಾಲಿನಿಂದ. ಸಹಿ, ಮೊಹರು ಎಲ್ಲ ಇದೆ.

"ಎರಡೂ ಹುಬ್ಬುಗಳನ್ನು ಖುದ್ದಾಗಿ ಪರಿಶೀಲಿಸಿದೆ. ಸರಿ ಇವೆ. ಉಪಕರಣವನ್ನು ಮುಂದುವರಿಸಬಹುದು."